ಮಂಗಳೂರು ವಿಮಾನ ನಿಲ್ದಾಣ: ಮಳೆಕಾಡಿನ ಸೆರಗಿನಲ್ಲಿ, ಗುಡ್ಡದ ನೆತ್ತಿಯ ಮೇಲೆ

ಮಂಗಳೂರು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವು ನಗರದ ಕೇಂದ್ರಭಾಗದಿಂದ ಸುಮಾರು 13 ಕಿ.ಮೀ. ಈಶಾನ್ಯಕ್ಕೆ, ಬಜಪೆ, ಕೆಂಜಾರು ಹಾಗೂ ಅದ್ಯಪಾಡಿಗಳ ನಡುವಿನ ಗುಡ್ಡದ ನೆತ್ತಿಯ ಮೇಲಿದೆ. ಸಮುದ್ರ ಮಟ್ಟದಿಂದ ಅದರ ಎತ್ತರ ಸುಮಾರು 100 ಮೀಟರ್. 1951ರ ಡಿಸೆಂಬರ್ 25ರಂದು ಅಂದಿನ ಪ್ರಧಾನಿ ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿಯುವುದರೊಂದಿಗೆ ಇದು ಆರಂಭವಾಯಿತು. ಆಗ ಮಂಗಳೂರು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಮುಖ್ಯ ಪಟ್ಟಣ. ಕನ್ನಡ ನಾಡಿನ ಏಕೀಕರಣಕ್ಕೆ ಇನ್ನೂ ಐದು ವರ್ಷ ಬಾಕಿಯಿತ್ತು. ಇಂದು ರಾಜ್ಯದಿಂದ ವಿದೇಶಗಳಿಗೆ ನಿಯಮಿತವಾಗಿ ವಿಮಾನ ಹಾರುವುದು ಬೆಂಗಳೂರು ಮತ್ತು ಮಂಗಳೂರುಗಳಿಂದ ಮಾತ್ರ. ವರ್ಷಕ್ಕೆ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಜನ ಈ ಗುಡ್ಡವನ್ನು ಹತ್ತಿ ಇಳಿಯುತ್ತಾರೆ.

ಈ ನಿಲ್ದಾಣದ ಕಥೆಯನ್ನು ಅರಿಯಬೇಕಾದರೆ ಮೊದಲು ನೆಲವನ್ನು ನೋಡಬೇಕು. ವಿಜಯಪುರ ಜಿಲ್ಲೆಯ ಕನಮಡಿ, ತಿಕೋಟಾ ಕಡೆಯ ಓದುಗರಿಗೆ, ವಿಮಾನ ಇಳಿಸಲು ಗುಡ್ಡವನ್ನೇಕೆ ಹತ್ತಬೇಕು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅವರ ಕಣ್ಣಳತೆಗೆ ಬೀಳುವುದು ಬಯಲು. ವಿಜಯಪುರದ ಬಳಿಯ ಬುರಣಾಪುರದಲ್ಲಿ ವಿಮಾನ ನಿಲ್ದಾಣಕ್ಕೆಂದು 700ಕ್ಕೂ ಹೆಚ್ಚು ಎಕರೆ ಜಮೀನು ಒಂದೇ ಕಡೆ ದೊರಕಿತು. 2021ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾದ ಆ ಯೋಜನೆಯನ್ನು ಮುಂದೆ ಕಾಡಿದ್ದು ಪರಿಸರ ಅನುಮತಿಯ ತೊಡಕೇ ಹೊರತು ನೆಲದ ಅಭಾವವಲ್ಲ. ಕರಾವಳಿಯಲ್ಲಿ ಸ್ಥಿತಿ ಇದಕ್ಕೆ ತದ್ವಿರುದ್ಧ. ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಗೋಡೆಯಂತೆ ಎದ್ದುನಿಂತ ಪಶ್ಚಿಮ ಘಟ್ಟ. ನಡುವೆ ಉಳಿದ ಕಿರಿದಾದ ಪಟ್ಟಿಯ ತುಂಬ ಮುರಕಲ್ಲಿನ ಗುಡ್ಡಗಳು. ಗುಡ್ಡ-ಗುಡ್ಡಗಳ ನಡುವಿನ ತಗ್ಗಿನಲ್ಲಿ ತೋಡು, ಗದ್ದೆ, ಅಡಿಕೆ ತೋಟ. ಮಳೆಗಾಲದಲ್ಲಿ ಆ ತಗ್ಗೆಲ್ಲ ನೀರು. ಸಪಾಟಾದ ಜಾಗ ಎಲ್ಲಾದರೂ ಇದ್ದರೆ ಅದು ಗುಡ್ಡದ ತಲೆಯ ಮೇಲೆ. ಇಂತಹ ಚಪ್ಪಟೆ ನೆತ್ತಿಯ ಮುರಕಲ್ಲು ಹಾಸನ್ನು ಊರಿನವರು ‘ಪದವು’ ಎನ್ನುತ್ತಾರೆ. ವಿಮಾನ ನಿಲ್ದಾಣ ಕುಳಿತಿರುವುದು ಅಂತಹ ಪದವಿನ ಮೇಲೆ.

ಘಟ್ಟದ ಕೆಳಗಿನ ಊರು

ಮಳೆಕಾಡಿನ ನಡುವಿನ ನಗರಗಳಿಗೆ ವಿಮಾನ ನಿಲ್ದಾಣವೆಂಬುದು ಅನುಕೂಲಕ್ಕಿಂತ ಹೆಚ್ಚಿನದು. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಅಮೆಜಾನ್ ನದಿಯ ದಂಡೆಯ ಮೇಲೆ ಇಕ್ವಿಟೋಸ್ ಎಂಬ ನಗರವಿದೆ. ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿರುವ ಈ ನಗರಕ್ಕೆ ದೇಶದ ಉಳಿದ ಭಾಗದಿಂದ ರಸ್ತೆಯೇ ಇಲ್ಲ. ಸುಮಾರು ನೂರು ಕಿ.ಮೀ. ದೂರದ ನೌತಾ ಪಟ್ಟಣದವರೆಗೆ ಒಂದು ರಸ್ತೆ ಹೋಗಿ ಅಲ್ಲಿಗೆ ನಿಲ್ಲುತ್ತದೆ. ಉಳಿದದ್ದಕ್ಕೆ ದಿನಗಟ್ಟಲೆ ದೋಣಿ ಪ್ರಯಾಣ, ಇಲ್ಲವೇ ವಿಮಾನ. ಪೆರು ವಾಯುಪಡೆಯ ಕರ್ನಲ್ ಫ್ರಾನ್ಸಿಸ್ಕೋ ಸೆಕಾಡಾ ವಿನ್ಯೆಟ್ಟಾ ಅವರ ಹೆಸರು ಹೊತ್ತ ಅಲ್ಲಿನ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ ರನ್‌ವೇ ಸುಮಾರು ಎರಡೂವರೆ ಕಿ.ಮೀ. ಉದ್ದ. ಮಂಗಳೂರಿನದೂ ಬಹುತೇಕ ಅಷ್ಟೇ. ಆದರೆ ಇಕ್ವಿಟೋಸ್‌ನ ರನ್‌ವೇ ಮುಗಿದ ಮೇಲೂ ನೆಲ ಮುಂದುವರಿಯುತ್ತದೆ, ಮಂಗಳೂರಿನಲ್ಲಿ ಹಾಗಲ್ಲ.

ಮಂಗಳೂರನ್ನು ಇಕ್ವಿಟೋಸ್‌ನಂತೆ ಹೊರಜಗತ್ತಿನಿಂದ ಕಡಿದುಹೋದ ನಗರವೆನ್ನಲಾಗದು. ಬಂದರು, ಹೆದ್ದಾರಿ, ರೈಲು ಎಲ್ಲವೂ ಇಲ್ಲಿವೆ. ಆದರೂ ರಾಜಧಾನಿ ಬೆಂಗಳೂರಿಗೂ ಮಂಗಳೂರಿಗೂ ನಡುವಿನ ಸುಮಾರು 350 ಕಿ.ಮೀ. ಹಾದಿಯಲ್ಲಿ ಘಟ್ಟವೆಂಬ ಬಾಗಿಲೊಂದಿದೆ. ಅದು ಆಗಾಗ ಮುಚ್ಚಿಕೊಳ್ಳುತ್ತದೆ. ರೈಲಿನ ಕಥೆಯನ್ನೇ ನೋಡಿ. ಹಾಸನ-ಮಂಗಳೂರು ಮೀಟರ್‌ಗೇಜ್ ಮಾರ್ಗ ಪೂರ್ಣಗೊಂಡಿದ್ದು 1979ರಲ್ಲಿ. ಬ್ರಾಡ್‌ಗೇಜ್ ಪರಿವರ್ತನೆಗಾಗಿ 1996ರಲ್ಲಿ ಘಟ್ಟದ ಪ್ರಯಾಣಿಕರ ರೈಲು ನಿಂತಿತು. ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಅಂದರೆ ಹನ್ನೊಂದು ವರ್ಷಗಳ ಕಾಲ ಕರಾವಳಿಯ ಈ ನಗರದಿಂದ ರಾಜ್ಯದ ರಾಜಧಾನಿಗೆ ನೇರ ರೈಲೇ ಇರಲಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಘಟ್ಟದ ಹಾದಿಯಲ್ಲಿ 57 ಸುರಂಗಗಳಿವೆ ಎಂದರೆ ಕೆಲಸದ ಕಷ್ಟ ತಿಳಿದೀತು. ವಿಜಯಪುರದಿಂದ ಮಂಗಳೂರಿಗೆ 2019ರಲ್ಲಿ ಆರಂಭವಾದ ರೈಲು ಕೂಡ ಇದೇ ಸುರಂಗಗಳನ್ನು ದಾಟಿಯೇ ಕಡಲಿನತ್ತ ಇಳಿಯಬೇಕು.

ರಸ್ತೆಯದೂ ಅದೇ ಪಾಡು. ಶಿರಾಡಿ ಘಾಟಿಯನ್ನು ಕಾಂಕ್ರೀಟೀಕರಣಕ್ಕಾಗಿ 2015ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ತಿಂಗಳುಗಟ್ಟಲೆ ಮುಚ್ಚಲಾಯಿತು. 2018ರ ಜುಲೈನಲ್ಲಿ ತೆರೆದ ಹಾದಿ ಮರುತಿಂಗಳೇ ಭೂಕುಸಿತಕ್ಕೆ ಸಿಕ್ಕಿತು. ಅದೇ ಆಗಸ್ಟ್‌ನಲ್ಲಿ ಕೊಡಗಿನ ದುರಂತದೊಂದಿಗೆ ಸಂಪಾಜೆ ಘಾಟಿಯೂ ಬಂದ್ ಆಯಿತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯ ಸರದಿ. 2024ರ ಜುಲೈ ಅಂತ್ಯದಲ್ಲಿ ಎಡಕುಮೇರಿ ಬಳಿ ರೈಲು ಹಳಿಯ ಕೆಳಗಿನ ಮಣ್ಣೇ ಜಾರಿ ಸಂಚಾರ ನಿಂತಿತು. ಶಿರಾಡಿಯ ದೊಡ್ಡತಪ್ಪಲೆಯಲ್ಲೂ ಗುಡ್ಡ ಕುಸಿಯಿತು. ಇಂತಹ ದಿನಗಳಲ್ಲಿ ಆಸ್ಪತ್ರೆ, ಪರೀಕ್ಷೆ, ಸಂದರ್ಶನವೆಂದು ಹೊರಟವರಿಗೆ ಉಳಿಯುವ ದಾರಿ ಬಜಪೆಯದು. ಒಂದು ಗಂಟೆಯ ಹಾರಾಟದಲ್ಲಿ ಘಟ್ಟ ಕಾಲಡಿಯಲ್ಲಿ ಸರಿದುಹೋಗುತ್ತದೆ. ಟಿಕೆಟ್ ದರ ಆ ದಿನಗಳಲ್ಲಿ ಎಷ್ಟಕ್ಕೇರುತ್ತದೆ ಎಂಬುದು ಬೇರೆಯೇ ವಿಷಯ.

ಗಲ್ಫ್‌ನ ಬಾಗಿಲು

ಬೆಂಗಳೂರಿಗಿಂತಲೂ ಹೆಚ್ಚಾಗಿ ಈ ನಿಲ್ದಾಣದ ಹಣೆಬರಹ ಬರೆದದ್ದು ಕೊಲ್ಲಿ ರಾಷ್ಟ್ರಗಳು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಜಿಲ್ಲೆಗಳ ಸಾವಿರಾರು ಮನೆಗಳಲ್ಲಿ ಒಬ್ಬರಾದರೂ ದುಬೈ, ಅಬುಧಾಬಿ, ದಮಾಮ್, ಮಸ್ಕತ್ ಅಥವಾ ಕುವೈತ್‌ನಲ್ಲಿ ದುಡಿಯುವವರಿದ್ದಾರೆ. ಬಹುಕಾಲ ಇವರೆಲ್ಲ ಮೊದಲು ಮುಂಬಯಿಗೆ ಬಸ್ಸು ಹತ್ತಿ ಅಲ್ಲಿಂದ ವಿಮಾನ ಹಿಡಿಯಬೇಕಿತ್ತು, ಇಲ್ಲವೇ ಕೇರಳದ ನಿಲ್ದಾಣಗಳನ್ನು ಆಶ್ರಯಿಸಬೇಕಿತ್ತು. ವಿದೇಶದಿಂದ ತಂದ ಪೆಟ್ಟಿಗೆಗಳನ್ನು ಬಸ್ಸಿನ ನೆತ್ತಿಗೆ ಕಟ್ಟಿಕೊಂಡು ಮುಂಬಯಿಯಿಂದ ಊರಿಗೆ ಮರಳುವುದು ಒಂದು ತಲೆಮಾರಿನ ನೆನಪು.

ಅಡ್ಡಿಯಾಗಿದ್ದುದು ರನ್‌ವೇ. ಮೊದಲಿನ ರನ್‌ವೇ 1,615 ಮೀಟರ್ ಮಾತ್ರ. ಡಕೋಟಾ, ಆವ್ರೋ ವಿಮಾನಗಳಿಗೆ ಅದು ಧಾರಾಳವಾಯಿತು. ಬೋಯಿಂಗ್ 737 ಬಂದಾಗ ಹೊರೆ ಕಡಿಮೆ ಮಾಡಿಕೊಂಡು ಇಳಿಯಬೇಕಾಯಿತು. 1981ರ ಆಗಸ್ಟ್ 19ರಂದು, ಮಳೆಯಲ್ಲಿ ತೊಯ್ದಿದ್ದ ಇದೇ ರನ್‌ವೇಯಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನವೊಂದು ತುದಿ ದಾಟಿ ಅಂಚಿನಾಚೆ ನಿಂತಿತು. ಅಂದು ರಾಜ್ಯದ ಸಚಿವರಾಗಿದ್ದ ವೀರಪ್ಪ ಮೊಯಿಲಿ ಅದರಲ್ಲಿ ಪ್ರಯಾಣಿಸುತ್ತಿದ್ದರು. ಪ್ರಾಣಹಾನಿ ಆಗಲಿಲ್ಲ, ವಿಮಾನ ಮಾತ್ರ ಮತ್ತೆ ಹಾರುವ ಸ್ಥಿತಿಯಲ್ಲಿರಲಿಲ್ಲ.

ಉದ್ದದ ಹೊಸ ರನ್‌ವೇ ಬೇಕೆಂಬ ಬೇಡಿಕೆಗೆ ಬಲ ಬಂದದ್ದು ಹೀಗೆ. ಆದರೆ ಎಲ್ಲರೂ ಅದನ್ನು ಸ್ವಾಗತಿಸಲಿಲ್ಲ. ಜಮೀನು ಕಳೆದುಕೊಳ್ಳಲಿದ್ದ ಸ್ಥಳೀಯರ ಸಂಘಟನೆ ಹಾಗೂ ಬೆಂಗಳೂರಿನ ಪರಿಸರ ಸಂಸ್ಥೆಯೊಂದು 1997 ಮತ್ತು 2002ರಲ್ಲಿ ಹೈಕೋರ್ಟ್ ಮೆಟ್ಟಿಲೇರಿದವು. ಗುಡ್ಡದ ಸುತ್ತ ಆಳವಾದ ಕಣಿವೆಯಿದೆ, ವಿಮಾನ ಹಾದಿ ತಪ್ಪಿದರೆ ನಿಲ್ಲಲು ಜಾಗವಿಲ್ಲ, ಸುರಕ್ಷತೆಯ ಮಾನದಂಡಗಳಿಗೆ ಈ ನಿವೇಶನ ಒಗ್ಗದು ಎಂಬುದು ಅವರ ವಾದದ ತಿರುಳು. ಅರ್ಜಿಗಳು ಫಲಿಸಲಿಲ್ಲ, 2003ರಲ್ಲಿ ಸುಪ್ರೀಂ ಕೋರ್ಟ್‌ನಲ್ಲೂ ಅವರಿಗೆ ತಡೆ ದೊರೆಯಲಿಲ್ಲ. 2,450 ಮೀಟರ್ ಉದ್ದದ ಕಾಂಕ್ರೀಟ್ ರನ್‌ವೇ 2006ರ ಮೇ 10ರಂದು ಉದ್ಘಾಟನೆಯಾಯಿತು. ಅದೇ ವರ್ಷ ಏರ್ ಇಂಡಿಯಾ ಎಕ್ಸ್‌ಪ್ರೆಸ್ ದುಬೈಗೆ ಹಾರಾಟ ಆರಂಭಿಸಿತು. ಮುಂಬಯಿ ಬಸ್ಸಿನ ಕಾಲ ಮುಗಿಯಿತು. 2010ರ ಮೇ 15ರಂದು ಕೆಂಜಾರು ಬದಿಯಲ್ಲಿ ಹೊಸ ಟರ್ಮಿನಲ್ ಕಟ್ಟಡವೂ ಉದ್ಘಾಟನೆಗೊಂಡಿತು.

ಸರಿಯಾಗಿ ಒಂದು ವಾರದ ನಂತರ ಆ ಶನಿವಾರ ಬಂತು.

2010ರ ಮೇ 22

ದುಬೈನಿಂದ ರಾತ್ರಿ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 812 ಸಂಖ್ಯೆಯ ಬೋಯಿಂಗ್ 737-800 ವಿಮಾನ ಬೆಳಗ್ಗೆ ಆರು ಗಂಟೆ ಕಳೆದ ಕೆಲವೇ ನಿಮಿಷಗಳಲ್ಲಿ ಬಜಪೆಯಲ್ಲಿ ಇಳಿಯಿತು. ವಿಮಾನದಲ್ಲಿದ್ದವರು 166 ಮಂದಿ: 160 ಪ್ರಯಾಣಿಕರು, ಆರು ಸಿಬ್ಬಂದಿ. ಮಳೆ ಇರಲಿಲ್ಲ. ರನ್‌ವೇ ಒಣಗಿತ್ತು, ಆರು ಕಿ.ಮೀ.ವರೆಗೆ ಕಣ್ಣು ಹಾಯುತ್ತಿತ್ತು. ಮಂಗಳೂರಿನ ಅಪಘಾತವೆಂದ ಕೂಡಲೇ ಮಳೆ-ಮಂಜನ್ನು ದೂರುವವರು ಇದನ್ನು ನೆನಪಿಡಬೇಕು.

ವಿಮಾನ ಇಳಿಯಬೇಕಾದ ಮಟ್ಟಕ್ಕಿಂತ ಬಹಳ ಎತ್ತರದಲ್ಲಿ, ಹೆಚ್ಚಿನ ವೇಗದಲ್ಲಿ ರನ್‌ವೇ ಸಮೀಪಿಸಿತು. ಮಂಗಳೂರಿನ ರೇಡಾರ್ ಎರಡು ದಿನಗಳಿಂದ ಕೆಟ್ಟಿದ್ದರಿಂದ ಕೆಳಗಿಳಿಯಲು ಅನುಮತಿ ಸಿಕ್ಕಿದ್ದೂ ತಡವಾಗಿತ್ತು. ಸರ್ಬಿಯಾ ಮೂಲದ ಕ್ಯಾಪ್ಟನ್ ಪಯಣದ ಬಹುಭಾಗ ನಿದ್ರೆಯಲ್ಲಿದ್ದರೆಂಬುದು ಕಾಕ್‌ಪಿಟ್ ಧ್ವನಿಮುದ್ರಣದಿಂದ ತಿಳಿದುಬಂತು. ಇಳಿಸಬೇಡಿ, ಮತ್ತೆ ಮೇಲಕ್ಕೊಯ್ಯಿರಿ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದರೂ ಪ್ರಯೋಜನವಾಗಲಿಲ್ಲ. ರನ್‌ವೇ ಆರಂಭದಿಂದ ಸುಮಾರು 1,580 ಮೀಟರ್ ದಾಟಿದ ಮೇಲಷ್ಟೇ ಚಕ್ರಗಳು ನೆಲ ಮುಟ್ಟಿದವು. ಅಷ್ಟೊತ್ತಿಗೆ ಮೂರರಲ್ಲಿ ಎರಡು ಪಾಲು ಹಾದಿ ಮುಗಿದಿತ್ತು. ವೇಗ ತಗ್ಗಿಸುವ ಕ್ರಮ ಆರಂಭಿಸಿದ ಕ್ಯಾಪ್ಟನ್ ಮನಸ್ಸು ಬದಲಿಸಿ ಮತ್ತೆ ಮೇಲೇರಲು ಯತ್ನಿಸಿದರು. ವಿಮಾನ ತುದಿ ದಾಟಿತು. ಅದರಾಚೆ ಕಾಂಕ್ರೀಟಿನ ಮೇಲೆ ನಿಲ್ಲಿಸಿದ್ದ ಆಂಟೆನಾ ರಚನೆಗೆ ರೆಕ್ಕೆ ಬಡಿದು ಕೆಂಜಾರು ಬದಿಯ ಕಮರಿಗೆ ಉರುಳಿ ಹೊತ್ತಿ ಉರಿಯಿತು.

158 ಮಂದಿ ಮೃತಪಟ್ಟರು. ಬದುಕುಳಿದವರು ಎಂಟು ಮಂದಿ. ಮೊದಲು ಓಡಿಬಂದವರು ಸುತ್ತಲಿನ ಮನೆಗಳ ಜನ. ಗುಡ್ಡದ ಇಳಿಜಾರಿನ ಕಿರುದಾರಿಯಲ್ಲಿ ಅಗ್ನಿಶಾಮಕ ವಾಹನಗಳು ತಲುಪುವುದೇ ಪ್ರಯಾಸವಾಗಿತ್ತು. ಸತ್ತವರಲ್ಲಿ ದೊಡ್ಡ ಸಂಖ್ಯೆಯವರು ಕಾಸರಗೋಡು ಹಾಗೂ ದಕ್ಷಿಣ ಕನ್ನಡದವರು. ಗುರುತು ಸಿಗದ ದೇಹಗಳನ್ನು ಕೂಳೂರು ಬಳಿ ಫಲ್ಗುಣಿ ನದಿಯ ದಂಡೆಯಲ್ಲಿ ಮಣ್ಣು ಮಾಡಲಾಯಿತು. ಅಲ್ಲಿನ ಸ್ಮಾರಕ ಉದ್ಯಾನದಲ್ಲಿ ಮೇ 22ರಂದು ಪುಷ್ಪನಮನ ಸಲ್ಲಿಸುವುದು ವಾಡಿಕೆ. ಪರಿಹಾರದ ವ್ಯಾಜ್ಯಗಳು ವರ್ಷಗಟ್ಟಲೆ ನಡೆದವು. ಒಂದು ಕುಟುಂಬಕ್ಕೆ 7.64 ಕೋಟಿ ರೂಪಾಯಿ ನೀಡುವಂತೆ ಸುಪ್ರೀಂ ಕೋರ್ಟ್ ಆದೇಶಿಸಿದ್ದು 2020ರ ಮೇ ತಿಂಗಳಲ್ಲಿ, ದುರಂತದ ಹತ್ತು ವರ್ಷಗಳ ಬಳಿಕ.

ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯವು ದುರಂತದ ನೇರ ಕಾರಣವೆಂದು ಹೇಳಿದ್ದು ಪೈಲಟ್‌ನ ನಿರ್ಧಾರವನ್ನು. ಅಸ್ಥಿರವಾಗಿದ್ದ ಇಳಿಕೆಯನ್ನು ಕೈಬಿಡದಿದ್ದುದು, ಎಚ್ಚರಿಕೆಗಳನ್ನು ಕಡೆಗಣಿಸಿದ್ದು ಮೂಲ ತಪ್ಪು. ಅಷ್ಟು ತಡವಾಗಿ ನೆಲ ಮುಟ್ಟಿದ ಮೇಲೂ ಕೂಡಲೇ ಪೂರ್ಣ ಬಲದಿಂದ ಬ್ರೇಕ್ ಹಾಕಿದ್ದರೆ ವಿಮಾನ ರನ್‌ವೇಯ ಒಳಗೇ ನಿಲ್ಲಬಹುದಿತ್ತೆಂದು ವರದಿ ಹೇಳಿತು. ಹಾಗಾದರೆ ಗುಡ್ಡದ ತಪ್ಪೇನೂ ಇಲ್ಲವೇ? ಈ ಪ್ರಶ್ನೆಗೆ ಎರಡು ಕಡೆಯವರೂ ತಮಗೆ ಬೇಕಾದ ಉತ್ತರ ಕಂಡುಕೊಂಡರು. ರನ್‌ವೇ ವಿರೋಧಿಸಿದವರು ತಮ್ಮ ಮಾತು ನಿಜವಾಯಿತೆಂದರು. ಅಧಿಕಾರಿಗಳು ಪೈಲಟ್‌ನತ್ತ ಬೆರಳು ತೋರಿದರು. ಎರಡೂ ಅರ್ಧ ಸತ್ಯಗಳೇ. ಪೈಲಟ್ ತಪ್ಪು ಮಾಡದಿದ್ದರೆ ಅಪಘಾತವೇ ಆಗುತ್ತಿರಲಿಲ್ಲ, ನಿಜ. ಆದರೆ ಅದೇ ತಪ್ಪು ಬಯಲುಸೀಮೆಯ ನಿಲ್ದಾಣದಲ್ಲಿ ಆಗಿದ್ದರೆ ವಿಮಾನ ಹೊಲದಲ್ಲಿ ಹೂತು ನಿಂತು, ಹೆಚ್ಚಿನವರು ನಡೆದೇ ಹೊರಬರುವ ಸಾಧ್ಯತೆಯಿತ್ತು. ಗುಡ್ಡವು ತಪ್ಪನ್ನು ಹುಟ್ಟಿಸುವುದಿಲ್ಲ. ತಪ್ಪಿಗೆ ತೆರಬೇಕಾದ ಬೆಲೆಯನ್ನು ಹೆಚ್ಚಿಸುತ್ತದೆ.

ತುದಿಯಾಚೆಯ ತೊಂಬತ್ತು ಮೀಟರ್

ಇಂತಹ ರನ್‌ವೇಗಳನ್ನು ಟೇಬಲ್‌ ಟಾಪ್ ಎಂದು ಕರೆಯುವುದುಂಟು. ಮೇಜಿನ ಹಲಗೆಯಂತೆ ಸಪಾಟು, ಅಂಚು ದಾಟಿದರೆ ಪಾತಾಳ. ಭಾರತದಲ್ಲಿ ಕೋಯಿಕ್ಕೋಡ್, ಶಿಮ್ಲಾ, ಸಿಕ್ಕಿಂನ ಪಾಕ್ಯೋಂಗ್ ಹಾಗೂ ಮಿಜೋರಾಂನ ಲೆಂಗ್‌ಪುಯಿ ಈ ಬಗೆಯವು. ಇವುಗಳಲ್ಲಿ ಮುಖ್ಯವಾಗುವುದು ರನ್‌ವೇ ಮುಗಿದ ಮೇಲಿನ ಜಾಗ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ ನಿಯಮದಂತೆ ರನ್‌ವೇ ತುದಿಯಾಚೆ 60 ಮೀಟರ್ ಪಟ್ಟಿ, ಅದರಾಚೆ ಕನಿಷ್ಠ 90 ಮೀಟರ್ ಸುರಕ್ಷತಾ ಪ್ರದೇಶ ಇರಬೇಕು. ದೊಡ್ಡ ವಿಮಾನಗಳು ಇಳಿಯುವಲ್ಲಿ ಈ ಪ್ರದೇಶ 240 ಮೀಟರ್ ಇರುವುದು ಒಳಿತೆಂದು ಅದೇ ಸಂಘಟನೆ ಶಿಫಾರಸು ಮಾಡುತ್ತದೆ. ಮಂಗಳೂರಿನಲ್ಲಿ ದುರಂತದ ಹೊತ್ತಿಗೆ ಇದ್ದದ್ದು ಕನಿಷ್ಠದ 90 ಮೀಟರ್. ಕಾನೂನಿಗೆ ಅಷ್ಟು ಸಾಕು. ಕಾನೂನಿಗೆ ಸಾಕಾಗುವುದಕ್ಕೂ ಗುಡ್ಡಕ್ಕೆ ಸಾಕಾಗುವುದಕ್ಕೂ ಇರುವ ಅಂತರವೇ ಈ 150 ಮೀಟರ್.

ಮಳೆಯ ಲೆಕ್ಕವನ್ನು ಇದಕ್ಕೆ ಸೇರಿಸಬೇಕು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ವಿಜಯಪುರದಲ್ಲಿ ಅದು 600 ಮಿ.ಮೀ. ಆಸುಪಾಸು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರನ್‌ವೇ ಒಣಗಿರುವ ಹೊತ್ತೇ ಕಡಿಮೆ. ಜೆಟ್ ವಿಮಾನವು ಲಭ್ಯವಿರುವ ಉದ್ದದ ಶೇ. 60ರೊಳಗೆ ನಿಲ್ಲುವಂತಿರಬೇಕು ಎಂಬ ಲೆಕ್ಕದ ಮೇಲೆ ಹೊರಡುವ ಮುನ್ನವೇ ಅದರ ತೂಕ ನಿಗದಿಯಾಗುತ್ತದೆ. ಒದ್ದೆ ರನ್‌ವೇಗೆ ಇನ್ನೂ ಶೇ. 15ರಷ್ಟು ಉದ್ದ ಹೆಚ್ಚಿಗೆ ಹಿಡಿಯಬೇಕು. ಟಯರ್ ಮತ್ತು ಕಾಂಕ್ರೀಟಿನ ನಡುವೆ ನೀರಿನ ಪದರ ನಿಂತರೆ ಬ್ರೇಕ್ ಕಚ್ಚುವುದಿಲ್ಲ. ಆದ್ದರಿಂದಲೇ ಮೇಲ್ಮೈಯ ಒರಟುತನ, ನೀರು ಹರಿದುಹೋಗುವ ಇಳಿಜಾರು ಇವೆಲ್ಲ ಇಲ್ಲಿ ಜೀವದ ಪ್ರಶ್ನೆಗಳು. 2023ರ ಆರಂಭದಲ್ಲಿ ಹಗಲಿನ ಹಾರಾಟ ನಿಲ್ಲಿಸಿ ಇಡೀ ರನ್‌ವೇಗೆ ಹೊಸ ಡಾಂಬರು ಹೊದಿಕೆ ಹಾಕಿದ್ದರ ಹಿಂದೆ ಈ ಕಾಳಜಿಯೂ ಇದೆ.

ಕೋಯಿಕ್ಕೋಡ್‌ನಲ್ಲಿ ಮಳೆಯೇ ಮುಖ್ಯ ಪಾತ್ರ ವಹಿಸಿತು. 2020ರ ಆಗಸ್ಟ್ 7ರ ರಾತ್ರಿ ದುಬೈನಿಂದ 190 ಮಂದಿಯನ್ನು ಹೊತ್ತು ಬಂದ ಇದೇ ಸಂಸ್ಥೆಯ ಇದೇ ಮಾದರಿಯ ವಿಮಾನ, ಸುರಿಯುವ ಮಳೆಯಲ್ಲಿ ರನ್‌ವೇ ದಾಟಿ ಕೆಳಗುರುಳಿತು. ಇಬ್ಬರು ಪೈಲಟ್‌ಗಳೂ ಸೇರಿ 21 ಮಂದಿ ಮೃತಪಟ್ಟರು. ಬೆಂಕಿ ಹೊತ್ತಿಕೊಳ್ಳದ ಕಾರಣ ಉಳಿದವರು ಬದುಕಿದರು. ಮಂಗಳೂರಿನ ಪಾಠ ಹತ್ತು ವರ್ಷಗಳಲ್ಲಿ ಎಷ್ಟರಮಟ್ಟಿಗೆ ಕಲಿಯಲ್ಪಟ್ಟಿತ್ತು ಎಂಬ ಪ್ರಶ್ನೆ ಆಗ ದೇಶದೆಲ್ಲೆಡೆ ಎದ್ದಿತು.

ನೆಲ ಎಲ್ಲಿಂದ ತರುವುದು?

2012ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಮಂಗಳೂರಿಗೆ ಅಧಿಕೃತವಾಗಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ ಸ್ಥಾನಮಾನ ನೀಡಿತು. 2020ರ ಅಕ್ಟೋಬರ್ 31ರಿಂದ ನಿರ್ವಹಣೆ 50 ವರ್ಷಗಳ ಅವಧಿಗೆ ಅದಾನಿ ಸಮೂಹದ ಪಾಲಾಯಿತು. ಹರಾಜಿನಲ್ಲಿ ಪ್ರತಿ ಪ್ರಯಾಣಿಕನಿಗೆ 115 ರೂಪಾಯಿಯಂತೆ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಸಲ್ಲಿಸಲು ಆ ಸಂಸ್ಥೆ ಒಪ್ಪಿತ್ತು. ಅಂದು ಹರಾಜಾದ ಆರು ನಿಲ್ದಾಣಗಳಲ್ಲಿ ಇದೇ ಅತಿ ಕಡಿಮೆ ಮೊತ್ತ. ನಿಲ್ದಾಣಕ್ಕೆ ಕೋಟಿ-ಚೆನ್ನಯರ ಹೆಸರಿಡಬೇಕೆಂಬ ಬೇಡಿಕೆಯೂ ಆಗಾಗ ಕೇಳಿಬರುತ್ತದೆ.

ಹೆಸರಿಗಿಂತ ಕಠಿಣವಾದುದು ರನ್‌ವೇ ವಿಸ್ತರಣೆ. ಉದ್ದವನ್ನು ಮೂರು ಸಾವಿರ ಮೀಟರಿನ ಆಚೆಗೆ ಒಯ್ಯಬೇಕೆಂಬ ಮಾತು ಬಹುಕಾಲದಿಂದ ಇದೆ. ಬಯಲಿನಲ್ಲಾದರೆ ಅದು ಜಮೀನು ಕೊಳ್ಳುವ ಕೆಲಸ. ಇಲ್ಲಿ ಮೊದಲು ಕಣಿವೆಯನ್ನೇ ತುಂಬಬೇಕು. ಹಾಗೆ ತುಂಬಿದ ಮಣ್ಣು ನಾಲ್ಕು ತಿಂಗಳ ಮಳೆಗೆ ಜಾರದಂತೆ ಹಿಡಿದಿಡುವುದು ಇನ್ನೊಂದು ಕೆಲಸ. ಕಣಿವೆಯಲ್ಲಿ ಮನೆಗಳಿವೆ, ತೋಟಗಳಿವೆ. ಗುಡ್ಡದ ನೀರು ಹರಿದು ಹೋಗುವ ತೋಡುಗಳಿವೆ. ಒಮ್ಮೆ ಭೂಮಿ ಬಿಟ್ಟುಕೊಟ್ಟವರ ನೆರೆಮನೆಯವರು ಈಗ ಮತ್ತೆ ಅದೇ ಮಾತುಕತೆಗೆ ಕೂರಬೇಕು. ತುಂಬಲು ಸಾಧ್ಯವಾಗದ ಕಡೆ ರನ್‌ವೇ ತುದಿಯಲ್ಲಿ ಹಗುರ ಕಾಂಕ್ರೀಟಿನ ಹಾಸು ಹಾಕುವ ಉಪಾಯವೊಂದಿದೆ. ಮೇಲೇರಿದ ಚಕ್ರ ಅದನ್ನು ಪುಡಿಮಾಡುತ್ತ ಹೂತು, ವಿಮಾನ ತಾನಾಗಿ ನಿಲ್ಲುತ್ತದೆ. ಅಮೆರಿಕದ ಹಲವು ನಿಲ್ದಾಣಗಳಲ್ಲಿ ಇದು ವಿಮಾನಗಳನ್ನು ಉಳಿಸಿದೆ. ದುಬಾರಿ ಎಂಬುದು ಇದರ ಮೇಲಿನ ದೂರು. ಕೆಂಜಾರಿನ ಕಮರಿಯನ್ನು ನೋಡಿದವರು ಆ ದೂರನ್ನು ಒಪ್ಪುವುದು ಕಷ್ಟ.

ಇಷ್ಟರಲ್ಲಿ ಸುತ್ತಲಿನ ನಕ್ಷೆಯೂ ಬದಲಾಗಿದೆ. 2018ರ ಡಿಸೆಂಬರ್‌ನಲ್ಲಿ ಕಣ್ಣೂರಿನಲ್ಲಿ 3,050 ಮೀಟರ್ ರನ್‌ವೇಯ ನಿಲ್ದಾಣ ತೆರೆಯಿತು. ಕಾಸರಗೋಡಿನ ದಕ್ಷಿಣ ಭಾಗದವರಿಗೆ ಅದೇ ಹತ್ತಿರ. ಘಟ್ಟದ ಮೇಲೆ, ಶಿವಮೊಗ್ಗದ ಸೋಗಾನೆಯಲ್ಲಿ, ಕುವೆಂಪು ಅವರ ಹೆಸರಿನ ನಿಲ್ದಾಣವನ್ನು 2023ರ ಫೆಬ್ರವರಿ 27ರಂದು ಉದ್ಘಾಟಿಸಲಾಯಿತು. ಅದರ ರನ್‌ವೇ 3,200 ಮೀಟರ್. ಮಲೆನಾಡಿನ ಬಾಗಿಲಲ್ಲಿದ್ದರೂ ಸೋಗಾನೆಗೆ ಸಪಾಟು ನೆಲ ಸಿಕ್ಕಿತು. ಸಾವಿರಾರು ಮಂದಿ ವಿದೇಶಕ್ಕೆ ಹೋಗಿ ಬರುವ ಮಂಗಳೂರಿನ ರನ್‌ವೇ ಅದಕ್ಕಿಂತ 750 ಮೀಟರ್ ಚಿಕ್ಕದು.

ಮಂಗಳೂರನ್ನು ವಿಮಾನಯಾನ ಸಂಸ್ಥೆಗಳು ವಿಶೇಷ ಎಚ್ಚರಿಕೆ ಬೇಕಾದ ನಿಲ್ದಾಣವೆಂದು ಪರಿಗಣಿಸುತ್ತವೆ. ಇಲ್ಲಿ ವಿಮಾನ ಇಳಿಸುವ ಹೊಣೆ ಸಹ ಪೈಲಟ್‌ನದಲ್ಲ, ಕಮಾಂಡರ್‌ನದೇ. ಮಳೆಗಾಲದಲ್ಲಿ ಮೋಡ ಗುಡ್ಡದ ನೆತ್ತಿಗೇ ಇಳಿದು ರನ್‌ವೇ ಕಾಣದಿದ್ದರೆ ಪೈಲಟ್ ಒಂದೆರಡು ಸುತ್ತು ಹಾಕಿ ಕಾಯುತ್ತಾರೆ. ತಿಳಿಯಾಗದಿದ್ದರೆ ಬೆಂಗಳೂರು, ಕಣ್ಣೂರು ಅಥವಾ ಕೊಚ್ಚಿಯ ದಾರಿ ಹಿಡಿಯುತ್ತಾರೆ. ಪ್ರಯಾಣಿಕರು ಗೊಣಗುತ್ತಾರೆ. 2010ರ ನಂತರ ಈ ಗೊಣಗಾಟಕ್ಕೆ ಹೆದರದೆ ವಿಮಾನವನ್ನು ಮೇಲಕ್ಕೊಯ್ಯುವ ಪೈಲಟ್‌ಗಳನ್ನೇ ಈ ಊರು ಮೆಚ್ಚಿಕೊಳ್ಳಬೇಕಿದೆ. ಹಾಗೆ ಬೆಂಗಳೂರಿನಲ್ಲಿ ಇಳಿದವರು, ಹವೆ ತಿಳಿಯಾಗುವ ತನಕ ಕಾಯುವ ತಾಳ್ಮೆಯಿಲ್ಲದಿದ್ದರೆ, ರಾತ್ರಿ ಬಸ್ಸು ಹತ್ತಿ ಶಿರಾಡಿ ಘಾಟಿ ಇಳಿದು ಊರು ಸೇರುತ್ತಾರೆ, ಘಾಟಿ ತೆರೆದಿದ್ದರೆ.